ಅಜ್ಜಿ ಗಾಡಿಯ ಹೀಟರ್

ಉತ್ತರ ಸ್ವೀಡನ್ನಿನ ಹೆಡ್‌ಸೆಲೆ ಪೊಲೀಸ್ ಠಾಣೆಗೆ ನವೆಂಬರ್ 19ರ ಗುರುವಾರ ಬೆಳಗ್ಗೆ 8.10ಕ್ಕೆ ಒಬ್ಬ ಹೆಂಗಸು ದೂರು ಕೊಡಲು ಬಂದಳು. ಹೊರಗೆ ಮೈನಸ್ ಹದಿನೇಳು ಡಿಗ್ರಿ. ದೂರು ಅವಳ ಮೇಲೆಯೇ ಇತ್ತು.

"ಇಲ್ವಾ ಸ್ಟೆನ್‌ವಾಲ್, ಇಪ್ಪತ್ತೊಂಬತ್ತು ವರ್ಷ," ಅಂದಳು. "ನಿನ್ನೆ ನಮ್ಮಪ್ಪ ಸತ್ತ. ಕೊಂದಿದ್ದು ನಾನು. ಬರ್ಕೊಳ್ಳಿ."

ಕಾನ್‌ಸ್ಟೆಬಲ್ ಮಿಕ್ಕೊ ನೀವಾ ಕೀಬೋರ್ಡಿನಿಂದ ಕೈ ತೆಗೆದ. ಹಿಂದಿನ ದಿನದ ಸಾವಿನ ಕಡತ ಅವನ ಮೇಜಿನ ಮೇಲೆಯೇ ಇತ್ತು. ಎಗೊನ್ ಸ್ಟೆನ್‌ವಾಲ್, ಅರವತ್ಮೂರು ವರ್ಷ, ರಸ್ತೆಯ ಹಿಮ ತೆಗೆಯುವ ಗಾಡಿಯ ಚಾಲಕ. ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಗೆ ಹೋದವನು ಬೇಟೆ ತಂಡದ ಗಾಡಿಯೊಳಗೆ ಸತ್ತು ಸಿಕ್ಕಿದ್ದ. ಮೂರು ವರ್ಷದ ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆಗಿತ್ತು. ಹೃದಯಾಘಾತ ಎಂದು ವೈದ್ಯರು ಬರೆದಿದ್ದರು. ಮಧ್ಯಾಹ್ನದೊಳಗೆ ಮುಚ್ಚಬೇಕಾಗಿದ್ದ ಕಡತ ಅದು.

ನೀವಾ ಒಳಗೆ ಹೋಗಿ ಇನ್‌ಸ್ಪೆಕ್ಟರ್ ಸೋಲ್‌ವೈ ಬುರ್ಮನ್‌ಳನ್ನು ಕರೆತಂದ. ಅವಳಿಗೆ ಐವತ್ತೆರಡು. ಅಳುವವರ ಎದುರು ಪೆನ್ನು ಹಿಡಿದು ಸುಮ್ಮನೆ ಕೂರುವುದು ಅವಳ ಪದ್ಧತಿ. ಆದರೆ ಇಲ್ವಾ ಅಳುತ್ತಿರಲಿಲ್ಲ.

"ಹೇಗೆ ಕೊಂದೆ?"

"ಅಪ್ಪ ರಾತ್ರಿ ಎರಡು ಗಂಟೆಯಿಂದ ಹಿಮ ತೆಗ್ದು ನೇರ ಬೇಟೆಗೆ ಬಂದಿದ್ದ. ನಡುಗ್ತಿದ್ದ. ನಾನೇ ಅಜ್ಜಿಯೊಳಗೆ ಹೀಟರ್ ಹಚ್ಚಿದೆ, ಮಲಗು ಅಂದೆ."

'ಅಜ್ಜಿ' ಎಂದರೆ ಬೇಟೆ ತಂಡದ ಗಾಡಿ. ಸೇನೆಯ ಹರಾಜಿನಲ್ಲಿ ಕೊಂಡ, ಆರು ಚಕ್ರದ, ನಲವತ್ತೈದು ವರ್ಷ ಹಳೆಯದು. ಅದನ್ನು ಬೇರೆ ಹೆಸರಿನಿಂದ ಕರೆಯುವವರು ಹೆಡ್‌ಸೆಲೆಯಲ್ಲಿ ಇರಲಿಲ್ಲ.

"ಎಷ್ಟು ಗಂಟೆಗೆ ಹಚ್ಚಿದೆ?"

"ಏಳೂ ಮೂವತ್ತೈದು. ಎಂಟಕ್ಕೆ ನಾನು ನನ್ನ ಕಾವಲು ಜಾಗಕ್ಕೆ ಹೋದೆ. ಹೋಗೋ ಮುಂಚೆ ಚಾವಣಿ ಕಿಂಡಿಗೆ ನನ್ನ ಕೈಗವಸು ತುರುಕಿದೆ. ಅಪ್ಪನ ತಲೆ ಮೇಲೇ ತಣ್ಣನೆ ಗಾಳಿ ಬೀಳ್ತಿತ್ತು." ಅವಳು ಕೋಟಿನ ಜೇಬಿನಲ್ಲಿದ್ದ ತನ್ನ ಬಲಗೈಯ ಕಡೆ ನೋಡಿಕೊಂಡಳು. "ಕಿಂಡಿ ಮುಚ್ಚಬಾರದು ಅಂತ ಗೊತ್ತಿತ್ತು. ಎಲ್ಲರಿಗೂ ಗೊತ್ತು. ಹತ್ತೂ ಕಾಲಿಗೆ ವಾಪಸ್ ಬಂದೆ. ಹೀಟರ್ ಇನ್ನೂ ಓಡ್ತಿತ್ತು. ಅಪ್ಪನ ಮುಖ ಕೆಂಪಗಿತ್ತು. ಎಷ್ಟು ಚೆನ್ನಾಗಿ ನಿದ್ದೆ ಬಂದಿದೆ ಅಂದ್ಕೊಂಡೆ."

ಸೋಲ್‌ವೈ ಪೆನ್ನನ್ನು ಕೆಳಗಿಟ್ಟಳು. ಹೃದಯಾಘಾತದಲ್ಲಿ ಸತ್ತವರ ಮುಖ ಕೆಂಪಗಿರುವುದಿಲ್ಲ.

"ಇದನ್ನ ನಿನ್ನೆ ಅಲ್ಲಿ ಯಾರಿಗಾದ್ರೂ ಹೇಳಿದ್ಯಾ?"

"ಎಲ್ಲರ ಮುಂದೆ ಹೇಳ್ದೆ. ನಮ್ಮ ತಂಡದ ಮುಖ್ಯಸ್ಥ ಹಿಲ್ಡಿಂಗ್ ಹತ್ರಾನೇ ನಿಂತಿದ್ದ. ಹಾಗೆಲ್ಲ ಯೋಚಿಸಬೇಡ ಮಗಳೇ ಅಂತ ಕಾಫಿ ಕೊಟ್ಟ."

8.40ಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಂಭವಿಸಿದ ಸಾವು. ಆರೋಪಿಯ ಹೆಸರಿನ ಜಾಗದಲ್ಲಿ ನೀವಾ 'ಇಲ್ವಾ' ಎಂದು ಟೈಪ್ ಮಾಡಲು ಹೊರಟಿದ್ದ. ಸೋಲ್‌ವೈ ತಡೆದಳು. "ಗೊತ್ತಿಲ್ಲ ಅಂತ ಹಾಕು."

"ಅವಳೇ ಹೇಳ್ತಿದ್ದಾಳಲ್ಲ."

"ಹೇಳ್ಲಿ. ಮೊದಲು ರಕ್ತ ನೋಡೋಣ."

ರಕ್ತದ ಫಲಿತಾಂಶ 10.05ಕ್ಕೆ ಫೋನಿನಲ್ಲಿ ಬಂತು. ಹೊಗೆಯಲ್ಲಿರುವ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ನೂರಕ್ಕೆ ಐವತ್ತೆಂಟು.

*

11.20. ಕಾಡಿನ ರಸ್ತೆ ಮುಗಿದು ಲಾರಿಗಳು ತಿರುಗುವ ಬಯಲಿನಲ್ಲಿ ಅಜ್ಜಿ ನಿಂತಿತ್ತು. ಹಸಿರು ಬಣ್ಣದ ಮೇಲೆ ಹಿಮ ಕೂತಿತ್ತು. ತಂಡದವರು ಬೆಂಕಿ ಹಾಕಿಕೊಂಡು ಸುತ್ತ ನಿಂತಿದ್ದರು. ಬೇಟೆ ನಿಂತಿತ್ತು, ಆದರೂ ಯಾರಿಗೂ ಮನೆಗೆ ಹೋಗಲು ಮನಸ್ಸಿರಲಿಲ್ಲ. ಮರದ ಬಟ್ಟಲಿನಲ್ಲಿ, ಅಲ್ಲಿನ ರೂಢಿಯಂತೆ ಚೀಸಿನ ತುಂಡು ಹಾಕಿದ ಕಾಫಿ ಕೈಯಿಂದ ಕೈಗೆ ಹೋಗುತ್ತಿತ್ತು.

ಸೋಲ್‌ವೈ ಇಬ್ಬರನ್ನು ಪಂಚರನ್ನಾಗಿ ಆರಿಸಿಕೊಂಡು ಸ್ಥಳ ಮಹಜರು ಶುರು ಮಾಡಿದಳು. ಹಿಂದಿನ ಕ್ಯಾಬಿನ್ನಿನಲ್ಲಿ ಎದುರುಬದುರು ಎರಡು ಬೆಂಚು. ಎಡ ಬೆಂಚಿನ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಪೆಟ್ರೋಲ್ ಹೀಟರ್. ಚಾವಣಿಯಲ್ಲಿ ಅಂಗೈಯಗಲದ ಕಿಂಡಿ. ಕೈಗವಸು ಅದರಲ್ಲೇ ಇತ್ತು.

"ಇದು ಹೇಗೆ ಕೆಲಸ ಮಾಡತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳು," ಅಂದಳು ನೀವಾನಿಗೆ. ನೀವಾ ಕಡ್ಡಾಯ ಸೇನಾ ಸೇವೆಯಲ್ಲಿ ಇಂಥ ಗಾಡಿಯನ್ನೇ ಓಡಿಸಿದ್ದ.

"ಒಳಗೊಂದು ಉಕ್ಕಿನ ಕೊಳವೆ ಇದೆ. ಪೆಟ್ರೋಲ್ ಉರಿಯೋದು ಅದರೊಳಗೆ. ಉರಿಯೋಕೆ ಬೇಕಾದ ಗಾಳಿ ಹೊರಗಿಂದ ಬರತ್ತೆ, ಹೊಗೆ ನೆಲದ ಕೆಳಗಿಂದ ಹೊರಗೇ ಹೋಗತ್ತೆ. ನಮಗೆ ಬರೋದು ಕೊಳವೆಯ ಹೊರಮೈ ಸವರ್ಕೊಂಡು ಬಂದ ಬಿಸಿ ಗಾಳಿ ಮಾತ್ರ."

"ಹಾಗಾದ್ರೆ ಕಿಂಡಿ ಮುಚ್ಚಿದ್ರೆ ಏನಾಗತ್ತೆ?"

ನೀವಾ ಸ್ವಲ್ಪ ಯೋಚಿಸಿದ. "ಸೆಖೆ ಆಗತ್ತೆ. ಮೈ ಬೆವರತ್ತೆ."

"ಸಾಯಲ್ಲ?"

"ಕೊಳವೆ ಸರಿ ಇದ್ರೆ ಸಾಯಲ್ಲ."

ಅಗ್ನಿಶಾಮಕ ದಳದಿಂದ ತಂದ ವಿಷಗಾಳಿ ಮಾಪಕವನ್ನು ಬೆಂಚಿನ ಮೇಲಿಟ್ಟು, ಹೀಟರ್ ಹಚ್ಚಿ, ಬಾಗಿಲು ಹಾಕಿ ಹೊರಗೆ ನಿಂತರು. ಕಿಂಡಿ ಮುಚ್ಚಿದಾಗ ಮಾಪಕ ಅಪಾಯದ ಗೆರೆ ದಾಟಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಕ್ಯಾಬಿನ್ನಿನ ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟು, ಕಿಂಡಿ ತೆರೆದಿಟ್ಟು ಇನ್ನೊಮ್ಮೆ ನೋಡಿದರು. ಹದಿನಾಲ್ಕು ನಿಮಿಷ.

ಸೋಲ್‌ವೈ ಎರಡೂ ಅಂಕಿಗಳನ್ನು ಮಹಜರಿನಲ್ಲಿ ಬರೆದಳು. ಪಂಚರು ಸಹಿ ಹಾಕಿದರು. ಎಗೊನ್ ಒಳಗಿದ್ದದ್ದು ಎರಡು ಗಂಟೆ ನಲವತ್ತು ನಿಮಿಷ.

ಆಮೇಲೆ ವಿಚಾರಣೆ. ಮೊದಲು ಬಿರ್ಗರ್. ಗರಗಸದ ಕಾರ್ಖಾನೆಯಿಂದ ನಿವೃತ್ತನಾದವನು, ತಂಡದ ಮಾತುಗಾರ.

"ಹೀಟರ್ ವಿಷಯದಲ್ಲಿ ಇತ್ತೀಚೆಗೆ ಏನಾದ್ರೂ ಹೊಸದು?"

"ಹೊಸ ನಿಯಮ ಅಂದ್ರೆ, ಅರ್ಧ ಗಂಟೆಗಿಂತ ಜಾಸ್ತಿ ಹಚ್ಚಬಾರದು ಅಂತ. ತಿಂಗಳ ಶುರುವಿಂದ. ಹಿಲ್ಡಿಂಗ್ ನಿಯಮ."

"ಯಾಕಂತೆ?"

"ಪೆಟ್ರೋಲ್ ಉಳಿಸೋಕಂತೆ. ಹಿಲ್ಡಿಂಗ್ ನಿಯಮ ಮಾಡದೆ ಇದ್ರೆ ಇಲ್ಲಿ ಸೂರ್ಯ ಹುಟ್ಟಲ್ಲ ಮಾರಾಯ್ತಿ. ಈ ತಿಂಗಳು ಹುಟ್ಟಿದ್ರೂ ಐದೇ ಗಂಟೆ, ಅದೂ ಉಳಿತಾಯಾನೇ ಇರ್ಬೇಕು."

"ಯಾರಾದ್ರೂ ಪಾಲಿಸಿದ್ರಾ?"

"ಅವನು ನೋಡ್ತಿದ್ದಾಗ."

ತಂಡದ ಇನ್ನಿಬ್ಬರೂ ಇದನ್ನೇ ಹೇಳಿದರು. ಸೋಲ್‌ವೈ ಗಾಡಿಯ ಹಿಂಬದಿಗೆ ಹೋಗಿ ನೋಡಿದಳು. ಇಪ್ಪತ್ತು ಲೀಟರಿನ ಎರಡು ಪೆಟ್ರೋಲ್ ಡಬ್ಬ, ಎರಡೂ ಬಾಯಿಮಟ್ಟ.

ಹಿಲ್ಡಿಂಗ್ ಬೆರ್ಗ್‌ವಿಕ್ ಬೆಂಕಿಯಿಂದ ದೂರ, ನೇರವಾಗಿ ನಿಂತಿದ್ದ. ಎಪ್ಪತ್ತೊಂದು ವರ್ಷ. ಮೂವತ್ತೆಂಟು ವರ್ಷ ಸೇನೆಯಲ್ಲಿ ಗಾಡಿ ಓಡಿಸುವುದನ್ನು ಕಲಿಸಿದವನು, ಇಪ್ಪತ್ತೆರಡು ವರ್ಷದಿಂದ ತಂಡದ ಮುಖ್ಯಸ್ಥ. ಸುತ್ತಲಿನ ನಾಲ್ಕು ಊರುಗಳಲ್ಲಿ ಗಾಡಿ ಓಡಿಸುವ ಗಂಡಸರಲ್ಲಿ ಅರ್ಧ ಜನ ಅವನ ಬೈಗುಳ ತಿಂದವರು. ನೀವಾ ಕೂಡ.

"ಹೀಟರ್ ಜವಾಬ್ದಾರಿ ಯಾರದು?"

"ನಂದು."

"ಕೊನೇ ಸಲ ಬಿಚ್ಚಿ ನೋಡಿದ್ದು?"

"ಬೇಟೆ ಶುರು ಆಗೋ ಮುಂಚೆ. ಆಗಸ್ಟಲ್ಲಿ."

"ಆಮೇಲೆ?"

ಹಿಲ್ಡಿಂಗ್ ನೀವಾನ ಕಡೆ ನೋಡಿದ. "ಬೂಟ್ ಲೇಸು ಬಿಚ್ಚಿದೆ ನಿಂದು," ಅಂದ. ನೀವಾ ತಟ್ಟನೆ ಬಗ್ಗಿದ. ಬಗ್ಗಿದ ಮೇಲೆ ನಾಚಿಕೆಯಾಯಿತು. ಸೋಲ್‌ವೈ ಕೇಳಿದ್ದಕ್ಕೆ ಉತ್ತರ ಬಂದಿಲ್ಲ ಎಂಬುದು ಅವಳೊಬ್ಬಳ ಗಮನಕ್ಕೆ ಬಂತು. ಅವಳು ಮತ್ತೆ ಕೇಳಲಿಲ್ಲ. ಹೀಟರನ್ನೂ ಗಾಡಿಯ ದಿನಚರಿ ಪುಸ್ತಕವನ್ನೂ ಜಪ್ತಿ ಮಾಡಿ ಹೊರಟಳು.

*

ನವೆಂಬರ್ 20, ಶುಕ್ರವಾರ. ಜಿಲ್ಲಾ ಪ್ರಯೋಗಾಲಯದ ತಂತ್ರಜ್ಞ 9.30ಕ್ಕೆ ಫೋನ್ ಮಾಡಿದ.

"ಕೊಳವೆ ಬಿರುಕು ಬಿಟ್ಟಿದೆ. ಒಂಬತ್ತು ಸೆಂಟಿಮೀಟರ್ ಉದ್ದ. ಅಂಚಿನಲ್ಲಿ ಮಸಿ ಕೂತಿದೆ, ಅಂದ್ರೆ ಮೊನ್ನೆ ಮೊನ್ನೆ ಆಗಿದ್ದಲ್ಲ. ಎರಡು ಮೂರು ವಾರ ಆಗಿದೆ."

"ಹಳೇ ಲೋಹ, ಸವೆದು ಹೋಯ್ತಾ?"

"ಇಲ್ಲ. ಉರೀತಾ ಇದ್ದಾಗ ಕೊಳವೆ ತಣ್ಣಗಿಡೋ ಫ್ಯಾನ್ ನಿಂತಿದೆ. ಲೋಹದ ಬಣ್ಣ ನೋಡಿದ್ರೇ ಗೊತ್ತಾಗತ್ತೆ. ಇನ್ನೊಂದು ವಿಷಯ. ಬಿರುಕಿಗೆ ಯಾರೋ, ಗಾಡಿ ಸೈಲೆನ್ಸರ್ ತೂತು ಮುಚ್ಚೋಕೆ ಹಚ್ಚೋ ಪೇಸ್ಟ್ ಮೆತ್ತಿದಾರೆ. ನೀಟಾಗಿ ಮೆತ್ತಿದಾರೆ, ಅಂಚು ಉಜ್ಜಿ, ನಯ ಮಾಡಿ. ಆದ್ರೆ ಅದು ಅಷ್ಟು ಬಿಸಿಗೆ, ಅಷ್ಟು ಕುಲುಕಾಟಕ್ಕೆ ನಿಲ್ಲಲ್ಲ. ಅರ್ಧ ಉದುರಿಹೋಗಿದೆ."

ಸೋಲ್‌ವೈ ಫೋನ್ ಇಟ್ಟು ನೀವಾನಿಗೆ ಹೇಳಿದಳು. ನೀವಾ ಕೂತಲ್ಲೇ, ಬಾಯಿಪಾಠ ಒಪ್ಪಿಸುವವನಂತೆ ಅಂದ: "ಮೊದಲು ಬೆಂಕಿ, ಆಮೇಲೆ ಗಾಳಿ, ಕೊನೆಗೆ ಕರೆಂಟು."

"ಏನದು?"

"ಹೀಟರ್ ಆರಿಸೋ ಕ್ರಮ. ಮೊದಲು ಹೀಟರ್ ಆಫ್ ಮಾಡ್ಬೇಕು, ಬೆಂಕಿ ಆರತ್ತೆ. ಫ್ಯಾನ್ ಮಾತ್ರ ಮೂರು ನಿಮಿಷ ಓಡಿ ಕೊಳವೆ ತಣ್ಣಗೆ ಮಾಡತ್ತೆ. ಅದು ನಿಂತ ಮೇಲೆ ಮೇನ್ ಸ್ವಿಚ್ ತೆಗೀಬೇಕು, ಇಡೀ ಗಾಡಿಯ ಕರೆಂಟು ಹೋಗತ್ತೆ. ಮೇನ್ ಮೊದಲೇ ತೆಗೆದ್ರೆ ಕೆಂಡದಂಥ ಕೊಳವೆ ಹಾಗೇ ಉಳ್ಕೊಳ್ಳತ್ತೆ, ಸೀಳತ್ತೆ. ಸೇನೆಯಲ್ಲಿ ಕಲಿತವರೆಲ್ಲ ಮಾಡೋ ತಪ್ಪು ಅದೇ. ಗಾಡಿ ನಿಲ್ಲಿಸು, ಮೇನ್ ತೆಗಿ ಅಂತ ಸಾವಿರ ಸಲ ಮಾಡ್ಸಿರ್ತಾರೆ. ಕೈ ತಾನೇ ಹೋಗತ್ತೆ."

"ನೀನು ಮಾಡಿದ್ಯಾ?"

"ಒಂದ್ಸಲ. ಹಿಲ್ಡಿಂಗ್ ನನ್ನನ್ನ ಗಾಡಿ ಸುತ್ತ ನಲವತ್ತು ಸುತ್ತು ಓಡ್ಸಿದ, ಫ್ಯಾನ್ ತರ ಗುಂಯ್ ಅಂತ ಸದ್ದು ಮಾಡ್ಕೊಂಡು. ಇಡೀ ಪ್ಲಟೂನ್ ನಕ್ಕಿತ್ತು." ಸ್ವಲ್ಪ ತಡೆದು ಸೇರಿಸಿದ: "ಎಗೊನ್‌ಗೆ ಇನ್ನೂ ಕೆಟ್ಟದಾಗಿ ಆಗಿತ್ತು. ಹನ್ನೆರಡು ವರ್ಷದ ಹಿಂದೆ ಅವನು ಅಜ್ಜಿಯ ಮೇನ್ ತೆಗೆದುಬಿಟ್ಟ. ಕೊಳವೆಗೆ ಏನೂ ಆಗಿರ್ಲಿಲ್ಲ. ಆದ್ರೂ ಹಿಲ್ಡಿಂಗ್ ಒಂದಿಡೀ ವರ್ಷ ಅವನನ್ನ ಸ್ಟಿಯರಿಂಗ್ ಮುಟ್ಟೋಕೆ ಬಿಡ್ಲಿಲ್ಲ. 'ಸ್ವಿಚ್ ಎಗೊನ್' ಅಂತ ಹೆಸರಿಟ್ಟ. ಹಿಮ ತೆಗೆಯೋ ಆಫೀಸಲ್ಲೂ ಅವನನ್ನ ಹಾಗೇ ಕರೀತಾರೆ. ಕರೀತಿದ್ರು."

ಇಬ್ಬರೂ ದಿನಚರಿ ಪುಸ್ತಕ ತೆರೆದರು. ಸೇನೆಯ ಪದ್ಧತಿಯನ್ನು ತಂಡ ಹಾಗೆಯೇ ಉಳಿಸಿಕೊಂಡಿತ್ತು. ಹೀಟರ್ ಹಚ್ಚಿದ ಸಮಯ, ಆರಿಸಿದ ಸಮಯ, ಮೇನ್ ಸ್ವಿಚ್ ತೆಗೆದ ಸಮಯ, ಸಹಿ. ಆರಿಸಿದ್ದಕ್ಕೂ ಮೇನ್ ತೆಗೆದದ್ದಕ್ಕೂ ನಡುವೆ ಪ್ರತಿ ಸಾಲಿನಲ್ಲೂ ಮೂರರಿಂದ ಐದು ನಿಮಿಷ. ನೀವಾ ಬೆರಳಿಟ್ಟು ಕೆಳಕ್ಕೆ ಇಳಿಯುತ್ತಾ ಹೋದ. ಇಪ್ಪತ್ತೆರಡು ವರ್ಷದ ಪುಟಗಳಲ್ಲಿ, ಎಗೊನ್‌ನ ಆ ಹಳೇ ತಪ್ಪಿನ ಸಾಲು ಬಿಟ್ಟರೆ, ಎರಡೇ ಸಾಲು ಅಪೂರ್ಣವಾಗಿದ್ದವು. ಒಂದು ನವೆಂಬರ್ 18ರದು. ಹಚ್ಚಿದ್ದು ಇಲ್ವಾ. ಮುಂದಿನದನ್ನು ಬರೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಅಕ್ಟೋಬರ್ 31ರದು. ಹಚ್ಚಿದ್ದು 6.50. ಮೇನ್ ಸ್ವಿಚ್ ತೆಗೆದದ್ದು 8.22. ಆರಿಸಿದ ಸಮಯದ ಜಾಗ ಖಾಲಿ. ಸಹಿ ಹಿಲ್ಡಿಂಗ್‌ನದು.

"ಒಂದು ಸುಳ್ಳು ಅಂಕಿ ಬರೆದಿದ್ರೆ ಮುಗೀತಿತ್ತು," ಅಂದಳು ಸೋಲ್‌ವೈ. "8.18 ಅಂತ. ಯಾರು ಕೇಳ್ತಿದ್ರು?"

"ಅವನ ಕೈಲಿ ಆಗಲ್ಲ," ಅಂದ ನೀವಾ. "ಈ ಪುಸ್ತಕದಲ್ಲಿ ಸುಳ್ಳು ಬರೆಯೋದು ಅವನ ಕೈಲಿ ಆಗಲ್ಲ."

ಆದರೂ ಖಾಲಿ ಜಾಗ ಸಾಕ್ಷ್ಯವಾಗುವುದಿಲ್ಲ. ಬಿರುಕು ಇದೆ ಎಂದು ಅವನಿಗೆ ಗೊತ್ತಿತ್ತು ಎಂಬುದಕ್ಕೆ ಬೇರೆ ಏನಾದರೂ ಬೇಕಿತ್ತು. ಇಂಥ ಗಾಡಿಯ ಕೊಳವೆ ಎಲ್ಲಿ ಸಿಗುತ್ತದೆ ಎಂದು ಸೋಲ್‌ವೈ ಕೇಳಿದಳು. ಸೇನೆಯ ಹಳೇ ಸಾಮಾನು ಮಾರುವವರು ದಕ್ಷಿಣದಲ್ಲಿದ್ದಾರೆ, ಪಾರ್ಸೆಲಿನಲ್ಲಿ ತರಿಸಬೇಕು ಎಂದ ನೀವಾ. ಹೆಡ್‌ಸೆಲೆಗೆ ಪಾರ್ಸೆಲ್ ಬರುವುದು ಒಂದೇ ಕಡೆಗೆ, ದಿನಸಿ ಅಂಗಡಿಯ ಹಿಂದಿನ ಕೌಂಟರಿಗೆ.

14.15. ಅಂಗಡಿಯವಳು ಪಟ್ಟಿ ನೋಡುವ ಮೊದಲೇ ಹೇಳಿದಳು. "ಹಿಲ್ಡಿಂಗ್‌ದಾ? ಎರಡು ವಾರದಿಂದ ದಿನಾ ಬಂದು ತಲೆ ತಿಂತಿದ್ದ. ಬಂತಾ, ಬಂತಾ ಅಂತ. ನಿನ್ನೆ ಬಂತು ನೋಡಿ, ಈಗ ಆಸಾಮಿ ಪತ್ತೆ ಇಲ್ಲ."

ಪ್ರಾಸಿಕ್ಯೂಟರ್ ಅನುಮತಿ ಪಡೆದು, ಅಂಗಡಿಯವಳ ಎದುರಿನಲ್ಲೇ ಪೆಟ್ಟಿಗೆ ಬಿಚ್ಚಿ ಪಂಚನಾಮೆ ಬರೆದರು. ಎಣ್ಣೆ ಕಾಗದದಲ್ಲಿ ಸುತ್ತಿದ ಉಕ್ಕಿನ ಕೊಳವೆ. ಆರ್ಡರ್ ಮಾಡಿದ ದಿನಾಂಕ ನವೆಂಬರ್ 2.

*

ನವೆಂಬರ್ 21, ಶನಿವಾರ, ಬೆಳಗ್ಗೆ 10.00. ಬೇಟೆ ತಂಡದ ಕಸಾಯಿ ಕೊಟ್ಟಿಗೆ. ಹಿಂದಿನ ವಾರ ಹೊಡೆದು ನೇತುಹಾಕಿದ್ದ ಮಾಂಸವನ್ನು ಅವತ್ತು ಪಾಲು ಮಾಡಲೇಬೇಕಿತ್ತು. ಸಾವಾಯಿತೆಂದು ಮಾಂಸ ಕಾಯುವುದಿಲ್ಲ.

ಉದ್ದನೆಯ ಹಲಗೆಯ ಮೇಲೆ ಹನ್ನೊಂದು ಗುಡ್ಡೆ. ಪಾಲು ಹಂಚುವ ರೀತಿ ಇಲ್ಲಿ ಎಲ್ಲ ತಂಡಗಳಲ್ಲೂ ಒಂದೇ. ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ಯಾರಿಗೆ ಎಂದು ಕೇಳುತ್ತಾನೆ. ಬೆನ್ನು ಹಾಕಿದವನು ಯಾವುದೆಂದು ನೋಡದೆ ಒಂದು ಹೆಸರು ಹೇಳುತ್ತಾನೆ. ಒಳ್ಳೆಯ ತುಂಡು ತನಗೆ ಬರಲಿಲ್ಲವೆಂದು ಆಮೇಲೆ ಯಾರೂ ಗೊಣಗುವಂತಿಲ್ಲ. ಬೆನ್ನು ಹಾಕಿ ನಿಲ್ಲುವ ಕೆಲಸ ಯಾವಾಗಲೂ ಹಿಲ್ಡಿಂಗ್‌ನದು. ಅವನ ಮೇಲೆ ಅಷ್ಟು ನಂಬಿಕೆ.

ಸೋಲ್‌ವೈ, ನೀವಾ ಬಾಗಿಲಲ್ಲಿ ನಿಂತರು. ಬಿರ್ಗರ್ ಅವರನ್ನು ನೋಡಿದ. ಸೋಲ್‌ವೈ ಮುಂದುವರಿಸು ಎಂದು ಕೈಸನ್ನೆ ಮಾಡಿದಳು.

"ಇದು ಯಾರಿಗೆ?"

"ನಿನಗೇ, ಬಿರ್ಗರ್."

"ಎಲುಬು ಬಂತು. ಥ್ಯಾಂಕ್ಸ್ ಕಣಯ್ಯ, ನನ್ನ ನಾಯಿ ನಿನಗೆ ಪತ್ರ ಬರೆಯತ್ತೆ. ಇದು?"

ಹತ್ತು ಹೆಸರು ಮುಗಿಯಿತು. ಒಂದು ಗುಡ್ಡೆ ಉಳಿಯಿತು.

"ಇದು ಯಾರಿಗೆ?" ಅಂದ ಬಿರ್ಗರ್, ಅಭ್ಯಾಸಬಲದಿಂದ. ಕೇಳಿದ ಮೇಲೆ ಅವನ ಮುಖ ಸಣ್ಣದಾಯಿತು.

ಹಿಲ್ಡಿಂಗ್ ಗೋಡೆ ನೋಡುತ್ತಾ ನಿಂತಿದ್ದ.

"ಹೇಳು ಮಾರಾಯ, ಮುಗಿಸೋಣ."

"ಎಗೊನ್‌ಗೆ," ಅಂದ ಹಿಲ್ಡಿಂಗ್. ಹೇಳಿದ ಮೇಲೂ ತಿರುಗಲಿಲ್ಲ.

"ಹಿಲ್ಡಿಂಗ್," ಅಂದಳು ಸೋಲ್‌ವೈ. "ಅಂಗಡಿಯಲ್ಲಿ ನಿಮ್ಮ ಪಾರ್ಸೆಲ್ ನೋಡಿದ್ವಿ."

ಅವನ ಭುಜ ಒಂದಿಷ್ಟು ಕೆಳಗೆ ಬಂತು. ಅಷ್ಟೇ. ಬಿರ್ಗರ್ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. "ಏನು ಪಾರ್ಸೆಲ್? ಏನಂತೆ?" 10.40ಕ್ಕೆ ದಸ್ತಗಿರಿ ಆಯಿತು. ಬೇಡಿ ಹಾಕಲಿಲ್ಲ.

*

ವಿಚಾರಣೆ 13.00ಕ್ಕೆ ಶುರುವಾಯಿತು. ವಕೀಲೆ ಪಕ್ಕದಲ್ಲಿದ್ದಳು. ಹಿಲ್ಡಿಂಗ್ ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

"ಅಕ್ಟೋಬರ್ 31. ಏನಾಯ್ತು?"

"ಬಯಲಿನಲ್ಲಿ ಗಾಡಿ ನಿಲ್ಲಿಸಿದೆ. ಕಾಡಿನೊಳಗೆ ನಾಯಿ ಬೊಗಳ್ತು, ಮೂಸ್ ಸಿಕ್ಕಿದಾಗ ಬೊಗಳೋ ಹಾಗೆ. ನಾನು ಎದ್ದೆ. ಕೈ ಮೇನ್ ಸ್ವಿಚ್ಚಿಗೆ ಹೋಯ್ತು. ಫ್ಯಾನ್ ಸದ್ದು ನಿಂತುಹೋಯ್ತು. ಆಗ ಗೊತ್ತಾಯ್ತು."

"ಆಮೇಲೆ?"

"ಮತ್ತೆ ಹಾಕಿದೆ. ಆಗಲೇ ಸುಟ್ಟ ವಾಸನೆ ಬಂದಿತ್ತು. ಮಾರನೇ ದಿನ ಬಿಚ್ಚಿ ನೋಡಿದೆ. ಸೀಳಿತ್ತು. ಪೇಸ್ಟ್ ಹಚ್ಚಿದೆ. ಹೊಸಾದು ಬರೋವರೆಗೆ ಅರ್ಧರ್ಧ ಗಂಟೆ ತಡೀತದೆ ಅಂದ್ಕೊಂಡೆ."

"ಹೀಟರ್ ಕೆಟ್ಟಿದೆ, ಹಚ್ಚಬೇಡಿ ಅಂದಿದ್ರೆ ಸಾಕಿತ್ತು."

"ಹೇಗೆ ಕೆಡ್ತು ಅಂತ ಕೇಳ್ತಿದ್ರು."

"ಕೇಳ್ಲಿ."

"ಪುಸ್ತಕ ನೋಡ್ತಿದ್ರು." ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. "ಎಗೊನ್ ನೋಡ್ತಿದ್ದ."

ಸೋಲ್‌ವೈ ನೀರಿನ ಲೋಟ ಅವನ ಕಡೆ ಸರಿಸಿದಳು. ಅವನು ಮುಟ್ಟಲಿಲ್ಲ.

"ಪೆಟ್ರೋಲ್ ಉಳಿಸೋಕೆ ಅಂದ್ರಿ. ಜನ ಅದನ್ನ ಜಿಪುಣತನ ಅಂದ್ಕೊಂಡ್ರು. ಪ್ರಾಣದ ವಿಷಯ ಅಂತ ಗೊತ್ತಿದ್ರೆ ಇಲ್ವಾ ಹಚ್ಚುತ್ತಿದ್ಲಾ?"

"ಇಲ್ಲ."

"ಬುಧವಾರ ಅವಳು ನಿಮ್ಮೆದುರು ನಿಂತು, ಅಪ್ಪನ್ನ ನಾನೇ ಕೊಂದೆ ಅಂದಳು. ನೀವು ಕಾಫಿ ಕೊಟ್ರಿ."

ಹಿಲ್ಡಿಂಗ್ ನೀರಿನ ಲೋಟವನ್ನು ಸೋಲ್‌ವೈ ಕಡೆಗೇ ವಾಪಸ್ ಸರಿಸಿದ.

"ಹೌದು," ಅಂದ. "ಅದೇ ದೊಡ್ಡದು. ಎಗೊನ್ ಸಾಯಲಿ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಆದ್ರೆ ಆ ಮಾತಿನ ಮುಂದೆ ಸುಮ್ನೆ ನಿಂತಿದ್ದು, ಅದು ಗೊತ್ತಿದ್ದೇ ಮಾಡಿದ್ದು. ಅದನ್ನೂ ಬರ್ಕೊಳ್ಳಿ."

ಹೇಳಿಕೆ ಓದಿ ನೋಡಿ, ಒಂದು ಕಡೆ ಸಮಯ ಎರಡು ನಿಮಿಷ ತಪ್ಪಾಗಿದೆ ಎಂದು ತಿದ್ದಿಸಿ, 14.25ಕ್ಕೆ ಸಹಿ ಹಾಕಿದ.

15.30ಕ್ಕೆ ಇಲ್ವಾಳನ್ನು ಕರೆಸಿದರು. ಹೊರಗೆ ಆಗಲೇ ಕತ್ತಲಾಗಿತ್ತು. ಸೋಲ್‌ವೈ ಅವಳೆದುರು ಮಹಜರು ಇಟ್ಟು ಎರಡು ಅಂಕಿಗಳನ್ನು ತೋರಿಸಿದಳು. ಕಿಂಡಿ ಮುಚ್ಚಿದಾಗ ಹನ್ನೊಂದು, ತೆರೆದಾಗ ಹದಿನಾಲ್ಕು.

"ಮೂರು ನಿಮಿಷ," ಅಂದಳು ಇಲ್ವಾ.

"ಮೂರು ನಿಮಿಷ. ನಿಮ್ಮಪ್ಪ ಅಲ್ಲಿದ್ದದ್ದು ಎರಡೂ ಮುಕ್ಕಾಲು ಗಂಟೆ ಹತ್ರ. ನೀನು ಕಿಂಡಿ ಮುಚ್ಚದೆ ಇದ್ರೂ ಇದೇ ಆಗ್ತಿತ್ತು."

ಇಲ್ವಾ ಆ ಅಂಕಿಗಳನ್ನೇ ನೋಡಿದಳು. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಮೂರು ದಿನದಿಂದ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದ ಬಲಗೈಯನ್ನು ತೆಗೆದು ಮೇಜಿನ ಮೇಲಿಟ್ಟಳು. ನೀವಾ ನಡೆದದ್ದನ್ನು ಮೊದಲಿಂದ ಹೇಳಿದ. ನಾಯಿ ಬೊಗಳಿದ್ದು, ಸ್ವಿಚ್ಚು, ಪೇಸ್ಟು, ಪಾರ್ಸೆಲ್ಲು.

"ಒಂದು ಮಾತು ಹೇಳೋಕೆ ಏನಾಗಿತ್ತು ಹಿಲ್ಡಿಂಗ್‌ಗೆ?" ಅಂದಳು ಇಲ್ವಾ.

"ನೀವೆಲ್ಲ ನಗ್ತೀರಿ ಅಂತ," ಅಂದಳು ಸೋಲ್‌ವೈ.

ಇಲ್ವಾ ಯೋಚಿಸಿದಳು.

"ನಗ್ತಿದ್ವಿ," ಅಂದಳು. "ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಅಪ್ಪ ಎಲ್ಲರಿಗಿಂತ ಜೋರಾಗಿ ನಗ್ತಿದ್ದ."

"ಆಮೇಲೆ?"

"ಆಮೇಲೇನು? ಅಪ್ಪಾನೇ ಬೆಂಚಿನ ಕೆಳಗೆ ಮಲಗಿ ಹೀಟರ್ ಬಿಚ್ಚಿ ರಿಪೇರಿ ಮಾಡಿ ಕೊಡ್ತಿದ್ದ."